ಕೆರೆಯಂಚಿಗೆ ಲಕ್ಕಿ ಮರಳಲಿ

ಕೆರೆಯ ಹೂಳೆತ್ತುವ ಕೆಲಸಕ್ಕೆ ಇಂದು ಊರೂರುಗಳಲ್ಲಿ ಸ್ವಾಗತ ದೊರೆಯುತ್ತಿದೆ. ಇದು ಆಗಬೇಕಾದ ಕೆಲಸವೇ. ಆದರೆ ಯಂತ್ರವು ಕೆರೆಗೆ ಇಳಿದಾಗ ಹೂಳಿನೊಡನೆ ಇನ್ನೊಂದು ಸಂಪತ್ತೂ ಹೊರಟುಹೋಗುತ್ತದೆ. ಅದರ ಲೆಕ್ಕವನ್ನು ಯಾರೂ ಇಡುವುದಿಲ್ಲ. ಅದು ಕೆರೆಯಂಚಿನ ಪೊದೆ. ನೀರು ಮತ್ತು ನೆಲ ಕೂಡುವ ಆ ಹಸಿರು ಪಟ್ಟಿಯೂ ಕೆರೆಯ ಅಂಗವೆಂಬುದು ಯೋಜನೆಗಳ ನಕಾಶೆಯಲ್ಲಿ ಕಾಣುವುದು ಅಪರೂಪ.

ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯು ಮಲೆನಾಡು ಮುಗಿದು ಬಯಲು ಆರಂಭವಾಗುವ ಸೆರಗಿನಲ್ಲಿದೆ. ಕನಕದಾಸರ ಆರಾಧ್ಯದೈವ ಆದಿಕೇಶವನ ಈ ಊರಿಗೆ ದೊಡ್ಡ ಕೆರೆಯೊಂದಿದೆ. ಸಾಗರದ ಬಳಿಯ ವರದಾಮೂಲದಲ್ಲಿ ಹುಟ್ಟಿ ಬನವಾಸಿಯನ್ನು ಬಳಸಿ ಬರುವ ವರದಾ ನದಿ ಇದೇ ಜಿಲ್ಲೆಯ ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಗುಡ್ಡದ ಹಳ್ಳದ ದಂಡೆಗೂ ಬಯಲಿನ ಕೆರೆಯಂಚಿಗೂ ಇರುವ ನಂಟು ಇಂಥದು. ಆ ಎರಡು ಕಡೆಗಳಲ್ಲಿಯೂ ತಾನಾಗಿ ಬೆಳೆಯುತ್ತಿದ್ದ ಪೊದೆ ಲಕ್ಕಿ.

ಮೂರು ಅಥವಾ ಐದು ಎಸಳಿನ ಎಲೆ, ಎಲೆಯಡಿಯ ಬಿಳಿಬಣ್ಣ, ಕಟುವಾಸನೆ, ತುದಿಯಲ್ಲಿ ನೀಲಿ ಹೂಗೊಂಚಲು: ಇವಿಷ್ಟರಿಂದ ಮಕ್ಕಳೂ ಲಕ್ಕಿಯನ್ನು ಗುರುತಿಸಬಲ್ಲರು. ಬಾಣಂತಿಯ ಸ್ನಾನದ ನೀರಿಗೆ, ಕಾಳಿನ ಚೀಲಕ್ಕೆ, ಸೊಳ್ಳೆಯ ಹೊಗೆಗೆ ಇದರ ಎಲೆ ಬಳಕೆಯಾಗುತ್ತ ಬಂದಿದೆ. ಮಳೆಗಾಲದಿಂದ ಮೊದಲ್ಗೊಂಡು ಹಲವು ತಿಂಗಳು ಬಿಡುವ ಹೂವಿಗೆ ತುಡುವೆ, ಕೋಲುಜೇನು, ಹೆಜ್ಜೇನುಗಳೂ ಚಿಟ್ಟೆಗಳೂ ಬರುತ್ತವೆ. ಪೊದೆಯ ಬುಡದಲ್ಲಿ ಹುಂಡುಕೋಳಿಗೂ ಮುಂಗುಸಿಗೂ ಮರೆ ಸಿಗುತ್ತದೆ. ಕೊಂಬೆಗಳ ನಡುವೆ ಪಿಕಳಾರ ಮತ್ತು ಸಿಂಪಿಗ ಹಕ್ಕಿಗಳು ಗೂಡು ಕಟ್ಟುತ್ತವೆ.

ಇದರ ಲಾಭ ಹೊಲಕ್ಕೂ ಸಲ್ಲುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಮೆಣಸಿನ ಹೂವು ತನ್ನಷ್ಟಕ್ಕೆ ಕಾಯಿಕಟ್ಟಬಲ್ಲದಾದರೂ ಜೇನ್ನೊಣದ ಭೇಟಿಯಿಂದ ಅದಕ್ಕೆ ನೆರವಾಗುತ್ತದೆ. ಸೋರೆ, ಹೀರೆ, ಕುಂಬಳಗಳಿಗಂತೂ ಕೀಟಗಳಿಲ್ಲದೆ ಫಸಲಿಲ್ಲ. ಹೊಲದಲ್ಲಿ ಹೂವಿಲ್ಲದ ತಿಂಗಳುಗಳಲ್ಲಿ ಜೇನಿಗೆ ಆಹಾರ ಬೇಕು. ಅದನ್ನು ಕೊಡುವುದು ಇಂಥ ಪೊದೆಗಳೇ.

ಲಕ್ಕಿ ಕಡಿದ ಜಾಗ ಖಾಲಿ ಉಳಿಯುವುದಿಲ್ಲ. ಅಲ್ಲಿಗೆ ಬರುವುದು ಬೇಶರಮ್ ಗಿಡ. ಅಮೆರಿಕದ ಉಷ್ಣವಲಯದಿಂದ ಬಂದ ಈ ಗಿಡವನ್ನು ಯಂತ್ರದಿಂದ ಕೊಚ್ಚಿದರೆ ಒಂದೊಂದು ತುಂಡೂ ಹಸಿ ಮಣ್ಣಿನಲ್ಲಿ ಬೇರು ಬಿಡುತ್ತದೆ. ಇದನ್ನು ತಿಂದ ಆಡುಗಳಿಗೆ ನರರೋಗ ತಗಲುತ್ತದೆ. ಆದುದರಿಂದ ಬೇಶರಮ್ಮನ್ನು ಬುಡಸಹಿತ ಕಿತ್ತು, ನೀರಿನಿಂದ ದೂರ ಒಯ್ದು ಒಣಗಿಸಬೇಕು. ತೆರವಾದ ಸ್ಥಳಕ್ಕೆ ಅದೇ ಮಳೆಗಾಲದಲ್ಲಿ ಲಕ್ಕಿಯನ್ನು ಹಚ್ಚಬೇಕು.

ಹಚ್ಚುವುದು ಕಷ್ಟವಲ್ಲ. ಮುಂಗಾರು ಹಿಡಿದ ಮೇಲೆ ಬಲಿತ ಕೊಂಬೆಯಿಂದ ಬೆರಳು ಗಾತ್ರದ, ಗೇಣುದ್ದದ ತುಂಡುಗಳನ್ನು ಕತ್ತರಿಸಿ, ಅರ್ಧಕ್ಕಿಂತ ಹೆಚ್ಚು ಭಾಗ ಮಣ್ಣಿನೊಳಗೆ ಇರುವಂತೆ ಊರಿದರೆ ಸಾಕು. ಎರಡು ಸಾಲುಗಳಲ್ಲಿ, ಒಂದು ಸಾಲಿನ ಗಿಡದ ಎದುರಿಗೆ ಇನ್ನೊಂದರ ತೆರಪು ಬರುವಂತೆ ಹಚ್ಚಿದರೆ ಹರಿದುಬರುವ ಮಣ್ಣು ತಡೆಯುತ್ತದೆ. ವಾಸನೆಯ ದೆಸೆಯಿಂದ ದನಕರುಗಳು ಇದಕ್ಕೆ ಬಾಯಿಹಾಕುವುದು ಕಡಿಮೆ. ಬೇರೂರಿದ ಗಿಡವನ್ನು ಕಡಿದರೂ ಬುಡದಿಂದ ಮತ್ತೆ ಚಿಗುರುತ್ತದೆ.

ಆದರೆ ಎಲ್ಲಿ ಹಚ್ಚಬೇಕೆಂಬ ವಿವೇಚನೆ ಅಗತ್ಯ. ಕೆರೆಗೆ ನೀರು ತರುವ ಹಳ್ಳದ ಎರಡು ದಂಡೆಗಳು ಮತ್ತು ತುಂಬು ನೀರಿನ ಗೆರೆಯ ಮೇಲಣ ಅಂಚು ತಕ್ಕ ಸ್ಥಳಗಳು. ಏರಿಯ ಮೈಮೇಲೆ, ತೂಬು ಮತ್ತು ಕೋಡಿಯ ಬಳಿ ಯಾವ ಗಿಡವೂ ಬೇಡ. ಬೇರುಗಳಿಂದ ಕಟ್ಟೆ ಸಡಿಲಗೊಳ್ಳುವ ಅಪಾಯವಿದೆ. ಕೆರೆಯ ಸುತ್ತ ಪೂರ್ತಿ ಪೊದೆ ಬೆಳೆಸುವುದೂ ಸಲ್ಲದು. ನೆರೆಯ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಮಧ್ಯ ಏಷ್ಯಾದಿಂದ ಪಟ್ಟೆ ತಲೆಯ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆ ರಾಮ್ಸರ್ ಪಟ್ಟಿಗೆ ಸೇರಿತು. ಅಂಥ ಹಕ್ಕಿಗಳಿಗೆ ತೆರೆದ ದಡವೇ ಬೇಕು. ಪೊದೆಗೊಂದು ಭಾಗ, ಬಯಲು ದಡಕ್ಕೊಂದು ಭಾಗ ಎಂಬ ಹಂಚಿಕೆ ಇರಬೇಕು.

2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಕೆರೆಯ ಕೆಲಸಕ್ಕೆ ಯಂತ್ರ ಬರುವ ಮುನ್ನ ಆ ಸಮಿತಿಯು ವಿದ್ಯಾರ್ಥಿಗಳೊಡನೆ ದಂಡೆಯನ್ನು ಸುತ್ತಿ, ಉಳಿಯಬೇಕಾದ ಗಿಡಗಳಿಗೆ ಗುರುತು ಹಾಕಿಸಲಿ. ಕಂಟ್ರಾಟಿನ ಷರತ್ತುಗಳಲ್ಲಿ ಆ ಗುರುತಿನ ಉಲ್ಲೇಖವಿರಲಿ. ಅಲಂಕಾರದ ಸಸಿಗಳಿಗೆ ಮೀಸಲಿಟ್ಟ ಹಣದ ಒಂದು ಪಾಲು ಲಕ್ಕಿಗೆ ದೊರೆಯಲಿ.

ಕನಕದಾಸರ ರಾಮಧಾನ್ಯ ಚರಿತ್ರೆಯಲ್ಲಿ ಭತ್ತವು ರಾಗಿಯನ್ನು ಹೀಗಳೆಯುತ್ತದೆ. ಆರು ತಿಂಗಳ ಸೆರೆಯ ಬಳಿಕ ಗಟ್ಟಿಯಾಗಿ ಉಳಿದದ್ದು ರಾಗಿಯೇ. ಕೆರೆಯಂಚಿನಲ್ಲಿಯೂ ಅದೇ ಪರೀಕ್ಷೆ ನಡೆಯುತ್ತದೆ. ಪೇಟೆಯಿಂದ ತಂದ ಹೂಗಿಡ ಬೇಸಿಗೆಗೆ ಒಣಗುತ್ತದೆ, ಲಕ್ಕಿ ಉಳಿಯುತ್ತದೆ. ಬರುವ ಮುಂಗಾರಿಗೆ ಒಂದೊಂದು ಶಾಲೆ ಒಂದೊಂದು ಹಳ್ಳದ ದಂಡೆಯನ್ನು ವಹಿಸಿಕೊಂಡರೂ ಗುಡ್ಡದಿಂದ ಬಯಲಿನವರೆಗೆ ಜೇನಿಗೊಂದು ದಾರಿ ತೆರೆಯುತ್ತದೆ.