ಹಳೆಯ ಕ್ಯಾಮೆರಾಕ್ಕೆ ಸಣ್ಣ ಫ್ಲ್ಯಾಶೇ ಸಾಕು



ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅನೇಕ ಮನೆಗಳ ಕಪಾಟಿನಲ್ಲಿ ಅಪ್ಪನದೋ ಅಜ್ಜನದೋ ಫಿಲ್ಮ್ ಕ್ಯಾಮೆರಾ ಇಂದಿಗೂ ಇದೆ. ಮನೆಯ ಕಿರಿಯರು ಅದನ್ನು ಹೊರತೆಗೆದು, ತೋಟದ ಜೇಡ, ಕಪ್ಪೆ, ಅಣಬೆಗಳನ್ನು ಹತ್ತಿರದಿಂದ ಚಿತ್ರಿಸಲು ಹೊರಡುವುದು ಸಂತೋಷದ ಸಂಗತಿ. ಆದರೆ ಯಾವ ಫ್ಲ್ಯಾಶ್ ಕೊಳ್ಳಬೇಕೆಂದು ಕೇಳಿದಾಗ ಅವರಿಗೆ ದೊರೆಯುವ ಉಪದೇಶ ಎರಡು ಬಗೆಯದು. 'ಫ್ಲ್ಯಾಶ್ ಕೃತಕ, ಸಹಜ ಬೆಳಕೇ ಶ್ರೇಷ್ಠ' ಎಂಬುದು ಮೊದಲನೆಯದು. 'ಉಂಗುರದ ಫ್ಲ್ಯಾಶನ್ನೇ ಕೊಳ್ಳು, ಇಲ್ಲವೇ ಅತಿ ಶಕ್ತಿಯ ದೊಡ್ಡದನ್ನು ಕೊಳ್ಳು' ಎಂಬುದು ಎರಡನೆಯದು. ಇವೆರಡನ್ನೂ ನಾನು ಖಂಡಿಸುತ್ತೇನೆ.

ಮೊದಲು ಸಹಜ ಬೆಳಕಿನ ವ್ರತಧಾರಿಗಳ ವಿಚಾರ. ಬಯಲುಸೀಮೆಯ ಬಿಸಿಲಿನಲ್ಲಿ ಅವರ ಮಾತು ನಡೆದೀತು. ನಮ್ಮ ಕಾನಿನಲ್ಲಿ ನಡೆಯದು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿಗೆ ಹಿರಿಯರು ಆ ಹೆಸರನ್ನು ಸುಮ್ಮನೆ ಇಟ್ಟಿಲ್ಲ. 2014ರಲ್ಲಿ ವಿಜ್ಞಾನಿಗಳು ಹೊಸ ಪ್ರಭೇದವೆಂದು ಪ್ರಕಟಿಸಿದ ಕುಂಬಾರ ಕಪ್ಪೆ ಅಲ್ಲಿನದು. ಮೊಟ್ಟೆಗಳಿಗೆ ಕೈಯಾರೆ ಕೆಸರು ಮೆತ್ತುವ ಆ ಗಂಡು ಕಪ್ಪೆ ತನ್ನ ಕೆಲಸವನ್ನು ರಾತ್ರಿಯಲ್ಲಿ ಮಾಡುತ್ತದೆ. ಅಲ್ಲಿ ಸಹಜ ಬೆಳಕನ್ನು ಎಲ್ಲಿಂದ ತರುವುದು? ಆಷಾಢದ ಹಗಲಿನಲ್ಲಿಯೂ ಮರಗಳ ಅಡಿಯಲ್ಲಿ, 100 ಐಎಸ್ಒ ಫಿಲ್ಮ್ ಹಾಕಿ, ಎಫ್/16ರ ಅಪರ್ಚರಿನಲ್ಲಿ ಸಮೀಪಚಿತ್ರ ತೆಗೆಯಬೇಕಾದರೆ ಶಟರ್ ಸೆಕೆಂಡುಗಟ್ಟಲೆ ತೆರೆದಿರಬೇಕಾಗುತ್ತದೆ. ಅಷ್ಟು ಹೊತ್ತು ಯಾವ ಕೀಟವೂ ಅಲುಗಾಡದೆ ಕುಳಿತುಕೊಳ್ಳುವುದಿಲ್ಲ.

ಆಗ ಏನಾಗುತ್ತದೆ? ಕೀಟವನ್ನು ಹಿಡಿದು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸುವವರಿದ್ದಾರೆ. ಅಂಟು ಹಚ್ಚಿ ಕೊಂಬೆಗೆ ಕೂರಿಸುವವರಿದ್ದಾರೆ. ಬೆಳಕು ಸಹಜವಾಗಿರಲೆಂದು ಜೀವಿಯನ್ನೇ ಅಸಹಜ ಸ್ಥಿತಿಗೆ ತಳ್ಳುವುದು ಯಾವ ನ್ಯಾಯ? ನನ್ನ ಆಕ್ಷೇಪದ ಮೂಲ ಇದೇ. ಸಾಮಾನ್ಯ ಫ್ಲ್ಯಾಶ್ ಪೂರ್ಣ ಶಕ್ತಿಯಲ್ಲಿ ಬೆಳಗುವುದು ಸುಮಾರು ಸೆಕೆಂಡಿನ ಸಾವಿರದ ಒಂದಂಶ ಮಾತ್ರ. ಜೀವಿ ತನ್ನ ಎಲೆಯ ಮೇಲೆ ತನ್ನಷ್ಟಕ್ಕೆ ಇರುವಾಗಲೇ ಚಿತ್ರ ಮುಗಿದಿರುತ್ತದೆ. ಗೂಡು, ಮೊಟ್ಟೆಗಳ ಬಳಿ ಅಲ್ಲಿಯೂ ಮಿತಿ ಬೇಕು: ಒಂದೆರಡು ಚಿತ್ರ, ಅನಂತರ ನಿರ್ಗಮನ.

'ಹಳೆಯ ಕ್ಯಾಮೆರಾದ ಸಿಂಕ್ ವೇಗ ಕಡಿಮೆ' ಎಂಬ ಇನ್ನೊಂದು ಆಕ್ಷೇಪವಿದೆ. ನಿಜ, ಪೆಂಟಾಕ್ಸ್ ಕೆ1000ದಲ್ಲಿ ಅದು 1/60 ಸೆಕೆಂಡ್. ಆದರೆ ಕಾನಿನ ಮಂದ ಬೆಳಕು ಆ ಅವಧಿಯಲ್ಲಿ, ಎಫ್/16ರಲ್ಲಿ, ಫಿಲ್ಮಿನ ಮೇಲೆ ಏನನ್ನೂ ಮೂಡಿಸಲಾರದು. ಚಲನೆಯನ್ನು ತಡೆದು ನಿಲ್ಲಿಸುವುದು ಶಟರ್ ಅಲ್ಲ, ಫ್ಲ್ಯಾಶಿನ ಮಿಂಚು.

ಈಗ ದೊಡ್ಡ ಫ್ಲ್ಯಾಶಿನ ಮೋಹ. ಪ್ರೌಢಶಾಲೆಯ ಲೆಕ್ಕವೇ ಇಲ್ಲಿ ಸಾಕು. ಗೈಡ್ ನಂಬರನ್ನು ಮೀಟರಿನಲ್ಲಿರುವ ದೂರದಿಂದ ಭಾಗಿಸಿದರೆ ಅಪರ್ಚರ್ ದೊರೆಯುತ್ತದೆ. ಗೈಡ್ ನಂಬರ್ 20 ಇರುವ ಸಣ್ಣ ಫ್ಲ್ಯಾಶ್ 25 ಸೆಂಟಿಮೀಟರ್ ದೂರದಲ್ಲಿದ್ದರೆ 20ನ್ನು 0.25ರಿಂದ ಭಾಗಿಸಿ, ಬರುವುದು 80. ವಸ್ತುವಿನ ಗಾತ್ರವೂ ಫಿಲ್ಮಿನ ಮೇಲಿನ ಬಿಂಬದ ಗಾತ್ರವೂ ಸಮವಾದಾಗ ಎರಡು ಸ್ಟಾಪ್ ಬೆಳಕು ನಷ್ಟವಾಗುತ್ತದೆ, ಆಗ 40. ಬೆಳಕನ್ನು ಮೃದುಗೊಳಿಸುವ ಪರದೆಗೆ ಮತ್ತೆರಡು ಸ್ಟಾಪ್ ಕಳೆಯಿರಿ; ಆಗ 20. ಅಂದರೆ ಎಫ್/16 ಮತ್ತು ಎಫ್/22ರ ನಡುವೆ, ಸಮೀಪಚಿತ್ರಕ್ಕೆ ಬೇಕಾದ ಸ್ಥಳದಲ್ಲಿಯೇ ನಿಂತಿದ್ದೇವೆ. ಇದಕ್ಕಿಂತ ದುಪ್ಪಟ್ಟು ಗೈಡ್ ನಂಬರಿನ ಫ್ಲ್ಯಾಶ್ ಕೊಂಡರೆ ಅದರ ಶಕ್ತಿಯನ್ನು ತಗ್ಗಿಸಬೇಕಾಗುತ್ತದೆ. ತಗ್ಗಿಸುವುದಕ್ಕಾಗಿ ಹೆಚ್ಚು ಹಣ ತೆರುವುದು ಜಾಣತನವಲ್ಲ.

ಉಂಗುರದ ಫ್ಲ್ಯಾಶನ್ನು ಅಮೆರಿಕದ ಲೆಸ್ಟರ್ ಡೈನ್ 1952ರಲ್ಲಿ ರೂಪಿಸಿದ್ದು ದಂತ ಛಾಯಾಗ್ರಹಣಕ್ಕಾಗಿ. ಬಾಯಿಯೊಳಗೆ ನೆರಳು ಬೀಳಬಾರದು; ಅಲ್ಲಿ ಅದು ಸರಿ. ಆದರೆ ಜೇಡದ ಮೈಯ ರೋಮ, ಅಣಬೆಯ ಅಡಿಯ ಮಡಿಕೆಗಳು ನಮಗೆ ಕಾಣುವುದು ನೆರಳಿನಿಂದಲೇ. ಎಲ್ಲ ದಿಕ್ಕಿನಿಂದಲೂ ಸಮನಾಗಿ ಬಿದ್ದ ಬೆಳಕು ಚಿತ್ರವನ್ನು ಚಪ್ಪಟೆಯಾಗಿಸುತ್ತದೆ. ಕಪ್ಪೆಯ ಒದ್ದೆ ಕಣ್ಣಿನಲ್ಲಿ ಬಿಳಿಯ ಬಳೆಯೊಂದು ಕುಳಿತುಬಿಡುತ್ತದೆ.

ಹಾಗಾದರೆ ಏನು ಕೊಳ್ಳಬೇಕು? ಶಕ್ತಿಯನ್ನು ಕೈಯಿಂದ ಹೊಂದಿಸಬಹುದಾದ ಒಂದು ಸಣ್ಣ ಫ್ಲ್ಯಾಶ್, ಅದನ್ನು ಕ್ಯಾಮೆರಾದಿಂದ ದೂರ ಹಿಡಿಯಲು ಒಂದು ಕೇಬಲ್. ಲೆನ್ಸಿನ ತುದಿಯ ಬಳಿ, ಸ್ವಲ್ಪ ಮೇಲೆ, ಒಂದು ಪಕ್ಕಕ್ಕೆ ಹಿಡಿಯಿರಿ; ಮುಂದೆ ಟ್ರೇಸಿಂಗ್ ಕಾಗದದ ಪರದೆ ಕಟ್ಟಿರಿ. ಹಿನ್ನೆಲೆ ಕಪ್ಪಾಗುತ್ತದೆಂಬ ದೂರು ನ್ಯಾಯವಾದದ್ದೇ. ಹಿಂದೆ ಹತ್ತಿರದಲ್ಲಿ ಹಸಿರೆಲೆ ಇರುವ ಕೋನವನ್ನು ಆರಿಸಿಕೊಂಡರೆ ಅದೂ ಪರಿಹಾರವಾಗುತ್ತದೆ.

ಎರಡು ಎಚ್ಚರಿಕೆ. ಕ್ಯಾಮೆರಾದಲ್ಲಿ ಎರಡು ಸಿಂಕ್ ರಂಧ್ರಗಳಿದ್ದರೆ ಕೇಬಲನ್ನು 'ಎಕ್ಸ್' ಗುರುತಿನದಕ್ಕೇ ಸಿಕ್ಕಿಸಿ. ಹಳೆಯ ಫ್ಲ್ಯಾಶುಗಳಲ್ಲಿ ಕೆಲವಕ್ಕೆ ಸಂಪರ್ಕದ ತುದಿಯಲ್ಲಿ 200 ವೋಲ್ಟಿಗೂ ಮಿಕ್ಕಿ ಇರುತ್ತದೆ. ಯಾಂತ್ರಿಕ ಕ್ಯಾಮೆರಾ ಅದನ್ನು ಸಾಮಾನ್ಯವಾಗಿ ಸಹಿಸುತ್ತದೆ, ಡಿಜಿಟಲ್ ಕ್ಯಾಮೆರಾ ಕೆಟ್ಟುಹೋಗಬಹುದು. ಹಾಳಾದ ಫ್ಲ್ಯಾಶನ್ನು ಮನೆಯಲ್ಲಿ ಬಿಚ್ಚಲೇಬೇಡಿ. ಒಳಗಿನ ಕೆಪಾಸಿಟರ್ ಬ್ಯಾಟರಿ ತೆಗೆದ ಮೇಲೂ ಅಪಾಯಕಾರಿ.

1975ರಲ್ಲಿ ಬಂದ ಒಲಿಂಪಸ್ ಓಎಂ-2ರಂತಹ ಕ್ಯಾಮೆರಾ ನಿಮ್ಮಲ್ಲಿದ್ದರೆ ಅದು ಫಿಲ್ಮಿನ ಮೇಲೆ ಬೀಳುವ ಬೆಳಕನ್ನೇ ಅಳೆದು ಅದಕ್ಕೆ ಹೊಂದುವ ಫ್ಲ್ಯಾಶನ್ನು ನಿಲ್ಲಿಸಬಲ್ಲದು, ಸಂತೋಷದಿಂದ ಬಳಸಿ. ಇಲ್ಲದವರು ಕೊರಗಬೇಕಾಗಿಲ್ಲ. ಇಷ್ಟು ಸಮೀಪದಲ್ಲಿ ಗೈಡ್ ನಂಬರಿನ ಲೆಕ್ಕ ತುಸು ಏರುಪೇರಾಗುವುದರಿಂದ ಒಂದು ಫಿಲ್ಮ್ ಸುರುಳಿಯನ್ನು ಪರೀಕ್ಷೆಗೆಂದೇ ಮೀಸಲಿಡಿ. ದೂರ, ಅಪರ್ಚರ್, ಪರದೆ ಇವನ್ನು ಪ್ರತಿ ಚಿತ್ರಕ್ಕೂ ನೋಟುಪುಸ್ತಕದಲ್ಲಿ ಬರೆಯಿರಿ. ತೊಳೆದು ಬಂದ ಮೂವತ್ತಾರು ಚಿತ್ರಗಳೇ ನಿಮ್ಮ ಕ್ಯಾಮೆರಾದ ಸರಿಯಾದ ಕೋಷ್ಟಕವನ್ನು ನಿಮಗೆ ಕೊಡುತ್ತವೆ. ಉಳಿದ ಹಣದಲ್ಲಿ ಫಿಲ್ಮ್ ಕೊಳ್ಳಿ. ಹಿಡಿದ ಕೀಟವಿದ್ದರೆ ಇಂದೇ ಬಿಟ್ಟುಬಿಡಿ.