ನೆಲ ಬಿಸಿಯಾದರೆ ಸಾಲದು, ಹಬೆ ಹೊರಗೆ ಹೋಗಬೇಕು

ಬ್ರಿಟನ್ನಿನ ಚಳಿಗಾಲದಲ್ಲಿ ಬಚ್ಚಲುಮನೆಯ ಗೋಡೆ ಬೆವರುತ್ತದೆಂದು ಟೈಲ್ಸ್ ಕಿತ್ತು ನೆಲದಡಿ ಹೀಟಿಂಗ್ ಹಾಕಿಸುವ ಮೊದಲು ಎಕ್ಸಾಸ್ಟ್ ಫ್ಯಾನ್ ಸರಿಮಾಡಿಸಿ ಎಂದು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆ. ಇಲ್ಲಿ ನೆಲೆಸಿರುವ ಕನ್ನಡಿಗರಿಂದಲೇ ಐದು ಆಕ್ಷೇಪಗಳು ಬಂದಿವೆ. ಒಂದೊಂದಕ್ಕೂ ಉತ್ತರ ಕೊಡುವುದು ನನ್ನ ಹೊಣೆ.

1. “ಬಿಸಿ ಗಾಳಿ ಹೆಚ್ಚು ತೇವ ಹಿಡಿದುಕೊಳ್ಳುತ್ತದೆ. ನೆಲ ಬೆಚ್ಚಗಿದ್ದರೆ ಅಷ್ಟೇ ಸಾಕು.”

ಮೊದಲ ಮಾತು ನಿಜ. ಎಷ್ಟು ಹೆಚ್ಚು ಎಂಬುದನ್ನು ಲೆಕ್ಕ ಹಾಕೋಣ. ಐದು ಚದರ ಮೀಟರಿನ ಬಚ್ಚಲಲ್ಲಿ ಸುಮಾರು 12 ಘನ ಮೀಟರ್ ಗಾಳಿ ಇರುತ್ತದೆ. 20 ಡಿಗ್ರಿಯಲ್ಲಿ ಅದು ಹೊರಬಲ್ಲ ನೀರಾವಿ ಹೆಚ್ಚೆಂದರೆ 205 ಗ್ರಾಂ, 25 ಡಿಗ್ರಿಯಲ್ಲಿ 275 ಗ್ರಾಂ. ಐದು ಡಿಗ್ರಿ ಕಾಯಿಸಿ ನಾವು ಗಳಿಸಿದ್ದು 70 ಗ್ರಾಂ ಜಾಗ. ಹಬೆ ಏಳುತ್ತಲೇ ಇದ್ದರೆ ಆ ಜಾಗವೂ ಬೇಗ ತುಂಬುತ್ತದೆ. 25 ಡಿಗ್ರಿಯ ಗಾಳಿಯಲ್ಲಿ ಆರ್ದ್ರತೆ ಶೇಕಡ 80 ಮುಟ್ಟಿದರೆ, 21 ಡಿಗ್ರಿಗಿಂತ ತಣ್ಣಗಿರುವ ಕಿಟಕಿ, ಕನ್ನಡಿ, ಹೊರಗೋಡೆ ಎಲ್ಲವೂ ಬೆವರುತ್ತವೆ. ಹೀಟಿಂಗಿನ ಟೈಮರ್ ಆಫ್ ಆಗಿ ಕೋಣೆ ತಣ್ಣಗಾದಾಗ, ಗಾಳಿ ಹೆಚ್ಚುವರಿಯಾಗಿ ಹಿಡಿದಿಟ್ಟ ನೀರು ಮತ್ತೆ ಗೋಡೆಗೇ ಬರುತ್ತದೆ.

2. “ಬಿಸಿ ನೆಲದ ಮೇಲೆ ನೀರು ಬೇಗ ಆರುತ್ತದಲ್ಲ?”

ಆರುತ್ತದೆ. ಕಾಲು ಜಾರುವ ಭಯ ತಪ್ಪುತ್ತದೆ, ವಯಸ್ಸಾದವರಿಗೆ ಅದು ದೊಡ್ಡ ಉಪಕಾರ. ಆದರೆ ಆರಿದ ನೀರು ಎಲ್ಲಿಗೆ ಹೋಯಿತು? ಅದೇ ಕೋಣೆಯ ಗಾಳಿಗೆ. ಸ್ನಾನವಾದ ಮೇಲೆ ನೆಲದಲ್ಲಿ ಒಂದು ಲೋಟ, ಅಂದರೆ 200 ಮಿಲಿಲೀಟರ್ ನೀರು ಉಳಿದಿದೆ ಎನ್ನಿ. ಮೇಲಿನ ಲೆಕ್ಕದ ಪ್ರಕಾರ 20 ಡಿಗ್ರಿಯಲ್ಲಿ ಇಡೀ ಕೋಣೆಯ ಗಾಳಿಯನ್ನು ತುಂಬಲು ಅಷ್ಟೇ ಸಾಕು. ಫ್ಯಾನ್ ಇಲ್ಲದ ಕೋಣೆಯಲ್ಲಿ ಬಿಸಿ ನೆಲ ಮಾಡುವ ಕೆಲಸವೆಂದರೆ ನೀರನ್ನು ಕಾಲಡಿಯಿಂದ ಎತ್ತಿ ಚಾವಣಿಯ ಮೂಲೆಗೆ ಸಾಗಿಸುವುದು. ಆ ತಣ್ಣನೆಯ ಮೂಲೆಯಲ್ಲೇ ಕಪ್ಪು ಬೂಷ್ಟು ಹುಟ್ಟುತ್ತದೆ.

3. “ದುಡ್ಡು ಕೊಟ್ಟು ಮಾಡಿದ ಬಿಸಿಯನ್ನು ಫ್ಯಾನ್ ಹೊರಗೆ ಎಸೆಯುತ್ತದೆ.”

ಎಸೆಯುತ್ತದೆ, ಆದರೆ ಬಹಳ ಕಡಿಮೆ. ಇಂಗ್ಲೆಂಡಿನ ಕಟ್ಟಡ ನಿಯಮಗಳ ಮಾರ್ಗದರ್ಶಿ ಬಚ್ಚಲ ಫ್ಯಾನಿಗೆ ಕೇಳುವುದು ಸೆಕೆಂಡಿಗೆ 15 ಲೀಟರ್. 20 ನಿಮಿಷ ಓಡಿದರೆ 18 ಘನ ಮೀಟರ್ ಗಾಳಿ ಹೊರಹೋಗುತ್ತದೆ. ಒಳಗೆ 22, ಹೊರಗೆ 5 ಡಿಗ್ರಿ ಇದ್ದಾಗ ಅದರ ಜೊತೆ ಹೋಗುವ ಶಾಖ ಒಂದು ಯೂನಿಟ್ಟಿನ ಹತ್ತನೇ ಒಂದು ಭಾಗ. ಚದರ ಮೀಟರಿಗೆ 150 ವಾಟ್‌ನ ಹೀಟಿಂಗ್ ಮ್ಯಾಟನ್ನು ಮೂರು ಚದರ ಮೀಟರ್ ಹಾಸಿದ್ದರೆ, ಅಷ್ಟು ವಿದ್ಯುತ್ತನ್ನು ಅದು ಕಾಲು ಗಂಟೆಯೊಳಗೇ ತಿನ್ನುತ್ತದೆ. ಫ್ಯಾನ್ ಬದಲು ಕಿಟಕಿ ತೆರೆಯಬಹುದು ಎಂದವರಿಗೂ ಒಂದು ಮಾತು: ಖಂಡಿತ ತೆರೆಯಿರಿ. ಆದರೆ ಜನವರಿಯ ಬೆಳಗಿನಲ್ಲಿ ಮೈ ಒದ್ದೆಯಿರುವಾಗ ಯಾರೂ ದಿನವೂ ತೆರೆಯುವುದಿಲ್ಲ.

4. “ಮಲೆನಾಡಿನ ನಮ್ಮ ಅಜ್ಜಿಮನೆಯಲ್ಲಿ ಹಂಡೆ ಒಲೆ ಇತ್ತು, ಫ್ಯಾನ್ ಇರಲಿಲ್ಲ. ಮಳೆಗಾಲದಲ್ಲೂ ಬಚ್ಚಲು ಒಣಗಿರುತ್ತಿತ್ತು.”

ಆ ಬೆಚ್ಚನೆಯ ಬಚ್ಚಲಲ್ಲಿ ಮಿಂದವನು ನಾನೂ. ಒಲೆ ಉರಿಯಲು ಗಾಳಿ ಬೇಕು. ಬಾಗಿಲ ಸಂದಿಯಿಂದ, ಕದವಿಲ್ಲದ ಕಿಂಡಿಯಿಂದ ಅದು ಗಾಳಿ ಎಳೆದುಕೊಳ್ಳುತ್ತಿತ್ತು. ಹೊಗೆಯ ಜೊತೆ ಹಬೆಯೂ ಹೆಂಚಿನ ಸಂದುಗಳಿಂದ ಮೇಲೆ ಹೋಗುತ್ತಿತ್ತು. ಬಿಸಿ ಮಾಡುವ ಕೆಲಸ, ಗಾಳಿ ಹೊರಹಾಕುವ ಕೆಲಸ ಎರಡನ್ನೂ ಒಂದೇ ಒಲೆ ಮಾಡುತ್ತಿತ್ತು. ಇಲ್ಲಿನ ಬಚ್ಚಲಿಗೆ ಬಿಗಿಯಾದ ಕಿಟಕಿ, ಮುಚ್ಚಿದ ಚಾವಣಿ. ಅಜ್ಜಿಯ ಒಲೆಯ ಅರ್ಧ ಕೆಲಸ ನೆಲದಿಂದ ಸಿಕ್ಕೀತು, ಉಳಿದರ್ಧವನ್ನು ಫ್ಯಾನೇ ಮಾಡಬೇಕು.

5. “ನಮ್ಮವರು ಚೊಂಬಿನಲ್ಲಿ ಮೀಯುತ್ತಾರೆ, ನೆಲವೆಲ್ಲ ಒದ್ದೆ ಮಾಡುತ್ತಾರೆ. ತಪ್ಪು ನಮ್ಮದೇ.”

ಇದನ್ನು ಓದಿ ನೋವಾಯಿತು. ಬಕೆಟ್ ಸ್ನಾನಕ್ಕೆ ಇಪ್ಪತ್ತು ಲೀಟರ್ ಸಾಕು. ಹತ್ತು ನಿಮಿಷದ ಶವರಿಗೆ ಅದರ ಮೂರು ನಾಲ್ಕು ಪಟ್ಟು ಬಿಸಿನೀರು ಬೇಕು. ಇನ್ನು, ಈ ‘ತಪ್ಪು ನಿಮ್ಮದೇ’ ಎಂಬ ಮಾತು ಎಲ್ಲಿಗೆ ಮುಟ್ಟಿಸುತ್ತದೆಂದು ಈ ದೇಶ ಕಂಡಿದೆ. 2020ರ ಡಿಸೆಂಬರಿನಲ್ಲಿ ರಾಚ್‌ಡೇಲಿನಲ್ಲಿ ಎರಡು ವರ್ಷದ ಅವಾಬ್ ಇಶಾಕ್ ತೀರಿಕೊಂಡ. ಮನೆಯ ಬೂಷ್ಟಿಗೆ ಬಹುಕಾಲ ಒಡ್ಡಿಕೊಂಡು ಬಂದ ಉಸಿರಾಟದ ಕಾಯಿಲೆಯೇ ಕಾರಣವೆಂದು 2022ರ ನವೆಂಬರಿನಲ್ಲಿ ಮರಣ ವಿಚಾರಣಾಧಿಕಾರಿ ತೀರ್ಮಾನಿಸಿದರು. ಸುಡಾನಿನಿಂದ ಬಂದ ಆ ಕುಟುಂಬದ ಜೀವನಶೈಲಿಯ ಬಗ್ಗೆ ವಸತಿ ಸಂಸ್ಥೆ ಏನೇನೋ ಊಹಿಸಿತ್ತು. ಅದು ತಪ್ಪೆಂದು ಆಮೇಲೆ ಒಪ್ಪಿಕೊಂಡಿತು. ಆ ಮಗುವಿನ ಹೆಸರಿನ ಕಾನೂನು 2025ರ ಅಕ್ಟೋಬರ್ 27ರಿಂದ ಇಂಗ್ಲೆಂಡಿನ ಸಾಮಾಜಿಕ ವಸತಿ ಮನೆಗಳಿಗೆ ಅನ್ವಯಿಸುತ್ತಿದೆ. ಸ್ನಾನ ಮಾಡುವುದು ಅಪರಾಧವಲ್ಲ. ಹಬೆ ಹೊರಹೋಗಲು ದಾರಿ ಮಾಡದೆ ಕಟ್ಟಿದ ಮನೆಯದು ದೋಷ.

ನಾನು ನೆಲದಡಿ ಹೀಟಿಂಗಿನ ವಿರೋಧಿಯಲ್ಲ. ಮಂಜಿನಂತೆ ಕೊರೆಯುವ ಕೋಣೆಯಲ್ಲಿ ಫ್ಯಾನ್ ಒಂದೇ ಗೆಲ್ಲಲಾರದು. ಗೋಡೆಗೂ ಸ್ವಲ್ಪ ಬಿಸಿ ಬೇಕು. ಹಾಕಿಸುವುದಿದ್ದರೆ ಮ್ಯಾಟಿನ ಕೆಳಗೆ ಇನ್ಸುಲೇಷನ್ ಬೋರ್ಡ್ ಹಾಕಿಸಿ, ಇಲ್ಲದಿದ್ದರೆ ಸಾಕಷ್ಟು ಶಾಖ ಕಾಂಕ್ರೀಟಿನ ಪಾಲಾಗುತ್ತದೆ. ಆದರೆ ಮೊದಲ ಖರ್ಚು ಫ್ಯಾನಿಗೆ, ಎರಡನೆಯದು ಹೊರಗೋಡೆಯ ಇನ್ಸುಲೇಷನ್ನಿಗೆ, ಮೂರನೆಯದು ನೆಲಕ್ಕೆ.

ಇವತ್ತೇ ಒಂದು ಪರೀಕ್ಷೆ ಮಾಡಿ. ಓಡುತ್ತಿರುವ ಫ್ಯಾನಿನ ಜಾಲರಿಗೆ ಒಂದು ಟಿಶ್ಯೂ ಹಾಳೆ ಹಿಡಿಯಿರಿ. ಅದು ಅಂಟಿ ನಿಲ್ಲದೆ ಕೆಳಗೆ ಬಿದ್ದರೆ ಫ್ಯಾನ್ ಬರೀ ಸದ್ದು ಮಾಡುತ್ತಿದೆ ಎಂದರ್ಥ. ಧೂಳು ತೆಗೆಸಿ, ಇಲ್ಲವೇ ಬದಲಿಸಿ. ಬಾಗಿಲ ಕೆಳಗೆ ಹತ್ತು ಮಿಲಿಮೀಟರ್ ಸಂದಿ ಬಿಡಿ. ಸ್ನಾನಕ್ಕೆ ಮೊದಲೇ ಫ್ಯಾನ್ ಹಾಕಿ, ಮುಗಿದ ಮೇಲೆ ಬಾಗಿಲು ಮುಚ್ಚಿ ಇನ್ನೂ ಇಪ್ಪತ್ತು ನಿಮಿಷ ಓಡಲು ಬಿಡಿ. ಒಂದು ತಿಂಗಳು ಹೀಗೆ ಮಾಡಿ ನೋಡಿ, ಆಮೇಲೆ ಟೈಲ್ಸ್ ಕೀಳುವ ವಿಚಾರ ಮಾಡಿ.