ಚೀಲದ ಮೇಲೆ ಊರ ಹೆಸರು

ಫ್ರಾನ್ಸಿನ ಗ್ಯಾಸ್ಕನಿಯಲ್ಲಿ ಆರ್ಮನ್ಯಾಕ್ ಅನ್ನೋ ಬ್ರಾಂದಿ ಮಾಡ್ತಾರೆ. ಹುಳಿ ಬಿಳಿದ್ರಾಕ್ಷಿಯ ವೈನನ್ನು ಹೆಚ್ಚಾಗಿ ಒಂದೇ ಸಲ ಭಟ್ಟಿ ಇಳಿಸಿ, ಓಕ್ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡ್ತಾರೆ. ಊಟ ಆದಮೇಲೆ ಮೊದಲು ಮೂಸಿ, ಆಮೇಲೆ ಗುಟುಕು ಗುಟುಕಾಗಿ ಕುಡೀತಾರೆ. ಆ ಹೆಸರಿಗೆ 1936ರಿಂದ ಕಾನೂನಿನ ಕಾವಲು. ಬೇರೆ ಸೀಮೆಯವರು ಬಳಸೋ ಹಾಗಿಲ್ಲ.

ನಮ್ಮ ನಿಡೋಣಿ, ತಿಕೋಟಾ ಕಡೆಯ ಕಸುಬೇನು ಕಡಿಮೆಯೇ? ಥಾಮ್ಸನ್ ದ್ರಾಕ್ಷಿಯನ್ನು ಡಿಪ್ಪಿಂಗ್ ಆಯಿಲ್, ಪೊಟ್ಯಾಸಿಯಂ ಕಾರ್ಬೊನೇಟ್ ಬೆರೆಸಿದ ನೀರಲ್ಲಿ ಅದ್ದಿ, ಶೆಡ್ಡಿನ ನೆರಳಲ್ಲಿ ಬಲೆ ಮೇಲೆ ಎರಡು-ಮೂರು ವಾರ ಒಣಗಿಸ್ತಾರೆ. ಆದರೆ ಬಹಳಷ್ಟು ಮಾಲು ತಾಸಗಾಂವ್, ಸಾಂಗ್ಲಿ ಪೇಟೆಗೆ ಹೋಗುತ್ತೆ. ಊರ ಹೆಸರು ಮಾತ್ರ ಗಡಿಯಲ್ಲೇ ಇಳಿದುಬಿಡುತ್ತೆ!

ನಾವೂ ಬ್ರಾಂದಿ ಕಾಯಿಸೋಣ ಅಂತಿಲ್ಲ. ಗ್ಯಾಸ್ಕನಿಯವರು ಊರ ಹೆಸರಿಗೂ ಬೆಲೆ ಕಟ್ಟಿಸಿಕೊಂಡರು. ನಮ್ಮ ಜಿಲ್ಲೆಯ ಇಂಡಿ ಲಿಂಬೆಗೂ ಜಿಐ ಗುರುತು ಸಿಕ್ಕಿದೆ. ಒಣದ್ರಾಕ್ಷಿ ಚೀಲದ ಮೇಲೂ ನಮ್ಮೂರ ಹೆಸರು ಎದ್ದು ಕಾಣಲಿ. ಏನಂತೀರಿ?